ತಲೆನೋವಿಲ್ಲದವರು

ತೋರುಬೆರಳನ್ನು ಕಂಕುಳಲ್ಲಿ ಅವುಚಿಕೊಂಡು, ಗುಡಾರದ ಹೊರಗೆ ಸಾಲಿನಲ್ಲಿ ನಿಂತು, ಅವನು ಕಳ್ಳನ ಹಾಗೆ ಉಸಿರಾಡುತ್ತಿದ್ದ. ಆಳವಾಗಿ, ಸದ್ದಿಲ್ಲದೆ, ಬೇಗಬೇಗ. ಹೀಗೆ ಉಸಿರಾಡಿದರೆ ರಕ್ತದ ಆಮ್ಲಜನಕ ಸ್ವಲ್ಪ ಹೊತ್ತಿನ ಮಟ್ಟಿಗೆ ಮೇಲೇರುತ್ತದೆ. ಅಷ್ಟು ಸಾಕು. ಆಕ್ಸಿಮೀಟರ್ ಬೆರಳನ್ನು ಕಚ್ಚಿ ಹಿಡಿಯುವುದು ಅದಕ್ಕಿಂತ ಕಡಿಮೆ ಹೊತ್ತು.

ಎದ್ದ ಕೂಡಲೇ ಗುಡಾರದೊಳಗೆ ತನ್ನದೇ ಯಂತ್ರದಲ್ಲಿ ನೋಡಿಕೊಂಡಿದ್ದ. ಅರವತ್ತೆಂಟು. ಆಪರೇಷನ್ ಟೇಬಲ್ಲಿನ ಮೇಲೆ ಯಾರದಾದರೂ ಇಷ್ಟು ಇಳಿದಿದ್ದರೆ ಸ್ಟೂಲು ಒದ್ದು ಎದ್ದಿರುತ್ತಿದ್ದ. ಇಲ್ಲಿ ಟೋಪಿ ಹಾಕಿಕೊಂಡು ಹೊರಗೆ ಬಂದ. ತಣ್ಣಗಿನ ಬೆರಳು ತಪ್ಪು ಅಂಕಿ ತೋರಿಸುತ್ತದೆಂದು ಪಠ್ಯಪುಸ್ತಕದಲ್ಲೇ ಇದೆ. ಓದಿದವನಿಗೆ ಇದೊಂದು ಸೌಕರ್ಯ: ಸುಳ್ಳಿಗೂ ಪುಟಸಂಖ್ಯೆ ಕೊಡಬಹುದು.

"ತಲೆನೋವು?" ಲೀಡರ್ ಕೇಳಿದ. ತಂಡವನ್ನು ಬೆಟ್ಟ ಹತ್ತಿಸುವವನು ಅವನೇ. ದಿನಾ ಬೆಳಿಗ್ಗೆ ಎಲ್ಲರನ್ನೂ ಇದೊಂದೇ ಮಾತು ಕೇಳುತ್ತಿದ್ದ, ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು.

"ಇಲ್ಲ."

"ಎಂಬತ್ತೊಂದು! ನೋಡ್ರಪ್ಪಾ, ಡಾಕ್ಟ್ರು ಅಂದ್ರೆ ಡಾಕ್ಟ್ರು."

"ಅವರಿಗೇನ್ರೀ, ಗಾಳೀನೂ ಫ್ರೀ ಸ್ಯಾಂಪಲ್ ಬಂದಿರುತ್ತೆ," ಎಂದ ಹಿಂದಿದ್ದ ಪೈಪು ವ್ಯಾಪಾರಿ. ಅವನ ಹಿಂದಿದ್ದ ಅಣ್ಣತಮ್ಮಂದಿರು ನಕ್ಕರು. ಡಾಕ್ಟರೂ ನಕ್ಕ. ನಕ್ಕಾಗ ತಲೆಯೊಳಗೆ ಯಾರೋ ಮೊಳೆ ಹೊಡೆದರು.

ಅವನು ಅರಿವಳಿಕೆ ಕೊಡುವ ಡಾಕ್ಟರು. ಮನುಷ್ಯರ ಜೊತೆ ಅವನ ವ್ಯವಹಾರವೆಲ್ಲ ಅವರು ನಿದ್ದೆಯಲ್ಲಿದ್ದಾಗ. ನಡುವೆ ಹಸಿರು ಬಟ್ಟೆಯ ಪರದೆ. ಆಚೆ ಸರ್ಜನ್ ಹೊಟ್ಟೆಯ ಜೊತೆ, ಈಚೆ ಇವನು ತಲೆಯ ಜೊತೆ. ಎದ್ದ ಪೇಶಂಟು ಕೈಮುಗಿಯುವುದು ಕೊಯ್ದವನಿಗೆ. ಮಲಗಿಸಿದವನ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿದ್ದರೆ ಅವನು ಕೆಲಸ ಸರಿಯಾಗಿ ಮಾಡಿಲ್ಲವೆಂದು ಅರ್ಥ.

ಬೆಟ್ಟಕ್ಕೆ ಹೋಗುತ್ತೇನೆಂದಾಗ ಸರ್ಜನ್ ಮುಖಗವಸಿನೊಳಗೇ ನಕ್ಕಿದ್ದ. "ನೀನಾ? ಎರಡನೇ ಮಹಡಿಗೆ ಲಿಫ್ಟ್ ಕಾಯ್ತಾ ನಿಂತಿರ್ತೀಯಲ್ಲಯ್ಯಾ! ಅರ್ಧದಿಂದ ವಾಪಸ್ ಬಂದ್ರೆ ಥಿಯೇಟರಿಗೆಲ್ಲ ಊಟ ಹಾಕಿಸ್ಬೇಕು, ಈಗ್ಲೇ ಹೇಳಿದೀನಿ."

ಹೆಂಡತಿ ನಕ್ಕಿರಲಿಲ್ಲ. ಕಾಲುಚೀಲ ಮಡಿಸಿ ಚೀಲಕ್ಕೆ ತುಂಬುತ್ತ, "ಹೋಗಿ ಬನ್ನಿ. ಮನೇಲಿದ್ದಾಗ ಮಾತ್ರ ಇದ್ದ ಹಾಗಿರ್ತೀರಾ?" ಎಂದಿದ್ದಳು. ಜಗಳದ ದನಿಯಲ್ಲ. ಹಾಲು ಮುಗಿದಿದೆ ಎನ್ನುವ ದನಿ.

ಆದ್ದರಿಂದ ತುದಿ ಮುಟ್ಟಬೇಕಿತ್ತು. ಜೀವನದಲ್ಲಿ ಒಂದು ಸಲವಾದರೂ, ಪರದೆಯ ಆಚೆಗೆ.

"ಡಾಕ್ಟ್ರೇ, ಒಂದ್ನಿಮಿಷ."

ಭೂಗೋಳದ ಟೀಚರ್. ಸಾಲಿನ ಕೊನೆಯಲ್ಲಿದ್ದವರು, ಅವನನ್ನು ಬಂಡೆಯ ಮರೆಗೆ ಕರೆದರು. ಇಷ್ಟು ವರ್ಷ ಬೋರ್ಡಿನ ಮೇಲೆ ಕಂದು ಸೀಮೆಸುಣ್ಣದಲ್ಲಿ ಬೆಟ್ಟ ಗೀಚಿದ್ದೀನಿ, ಒಂದು ಸಲ ಮುಟ್ಟಿ ನೋಡಿ ರಿಟೈರ್ ಆಗ್ತೀನಿ ಎಂದು ಮೊದಲ ದಿನ ಎಲ್ಲರಿಗೂ ಹೇಳಿಕೊಂಡಿದ್ದರು. ಈಗ ತುಟಿ ನೀಲಿಯಾಗಿತ್ತು.

"ರಾತ್ರಿಯಿಂದ ತಲೆ ಸಿಡೀತಿದೆ. ಎರಡು ಸಲ ವಾಂತಿ ಆಯ್ತು. ಲೀಡರಿಗೆ ಹೇಳ್ಬಿಡ್ಲಾ?"

ಹೇಳಬೇಕಿತ್ತು. ಇದಕ್ಕೆ ಡಾಕ್ಟರೂ ಬೇಕಿರಲಿಲ್ಲ. ಆದರೆ ತಂಡದಲ್ಲಿ ದಾರಿ ಬಲ್ಲವರು ಇಬ್ಬರೇ: ಲೀಡರ್, ಮತ್ತು ಎಲ್ಲರೂ ಚಿಕ್ಕಪ್ಪ ಎಂದು ಕರೆಯುತ್ತಿದ್ದ ಅವನ ಚಿಕ್ಕಪ್ಪ. ಒಬ್ಬರಿಗೆ ಹುಷಾರು ತಪ್ಪಿದರೆ ಚಿಕ್ಕಪ್ಪ ಕೆಳಗೆ ಕರೆದುಕೊಂಡು ಹೋಗುತ್ತಾನೆ. ಇನ್ನೊಬ್ಬರಿಗೂ ತಪ್ಪಿದರೆ ಎಲ್ಲರೂ ವಾಪಸ್. ಆ ಇನ್ನೊಬ್ಬರು ಯಾರೆಂದು ಅವನಿಗೆ ಗೊತ್ತಿತ್ತು.

"ನೀರು ಚೆನ್ನಾಗಿ ಕುಡೀರಿ."

"ಅಂದ್ರೆ ಹೋಗ್ಬಹುದಾ?"

"ನಿಮಗೇನನ್ನಿಸುತ್ತೆ?"

ಪೇಶಂಟಿನ ಕಡೆಯವರು ಥಿಯೇಟರಿನ ಬಾಗಿಲಲ್ಲಿ ಅಡ್ಡಗಟ್ಟಿದಾಗ ಅವನನ್ನು ಪಾರುಮಾಡುತ್ತಿದ್ದ ಪ್ರಶ್ನೆ. ಟೀಚರ್ ಮುಖ ಅರಳಿತು.

"ಡಾಕ್ಟ್ರಾಗಿ ನೀವೇ ಹೇಳಿದ್ಮೇಲೆ ಇನ್ನೇನು!"

ತಾನು ಏನೂ ಹೇಳಿಲ್ಲ. ಈ ಸಮಾಧಾನದ ಜೊತೆಗೆ ಜೇಬಿನಿಂದ ಒಂದು ಮಾತ್ರೆಯನ್ನೂ ತೆಗೆದುಕೊಟ್ಟ. ನೋವು ಗೊತ್ತಾಗುವುದಿಲ್ಲ, ರೋಗ ಎಲ್ಲಿದೆಯೋ ಅಲ್ಲೇ ಇರುತ್ತದೆ. ಅವನ ಕಸುಬೇ ಅಷ್ಟಲ್ಲವೆ?

"ತಲೆನೋವು?" ಲೀಡರ್ ಟೀಚರ ಬೆರಳಿಗೆ ಯಂತ್ರ ಸಿಕ್ಕಿಸಿದ.

"ಡಾಕ್ಟ್ರನ್ನ ಕೇಳಿದ್ದೀನಿ," ಎಂದರು ಟೀಚರ್. ಲೀಡರ್ ಅಂಕಿಯನ್ನೂ ಡಾಕ್ಟರನ್ನೂ ಒಮ್ಮೆ ನೋಡಿ ಯಂತ್ರ ಕಳಚಿದ.

ನಿಧಾನದವರು ಮುಂದೆ ಇರಬೇಕೆಂಬುದು ಲೀಡರನ ಪದ್ಧತಿ. ಹಾಗಾಗಿ ಅವನ ಬೆನ್ನಿಗೆ ಟೀಚರ್, ಟೀಚರ್ ಬೆನ್ನಿಗೆ ಡಾಕ್ಟರು, ಆಮೇಲೆ ಅಣ್ಣತಮ್ಮಂದಿರು, ವ್ಯಾಪಾರಿ, ಕೊನೆಗೆ ಚಿಕ್ಕಪ್ಪ. ಹಿಮದಲ್ಲಿ ಬೂಟು ಕರಕರ ಎನ್ನುತ್ತಿತ್ತು. ಹಿಂದಿನಿಂದ ವ್ಯಾಪಾರಿ, "ಮುಂದೆ ಬ್ಲಾಕ್ ಆಗಿದೆ ನೋಡ್ರೀ, ಪೈಪ್ ದೊಡ್ಡದು ಹಾಕ್ಬೇಕಿತ್ತು," ಎಂದು ಕೂಗುತ್ತಿದ್ದ. ಉಸಿರು ಸಾಲದೆ ಅವನ ಜೋಕುಗಳೂ ಕ್ರಮೇಣ ನಿಂತವು.

ಡಾಕ್ಟರು ಟೀಚರ ಬೂಟುಗಳನ್ನೇ ನೋಡುತ್ತ ನಡೆದ. ಥಿಯೇಟರಿನಲ್ಲಿ ಅವನು ಮಾನಿಟರಿನ ತೆರೆಯನ್ನು ನೋಡುವುದೇ ಇಲ್ಲ; ಆಮ್ಲಜನಕ ಇಳಿದರೆ ಯಂತ್ರದ ದನಿ ತಗ್ಗುತ್ತದೆ, ಕಿವಿಗೇ ತಿಳಿಯುತ್ತದೆ. ಬೂಟುಗಳಿಗೆ ದನಿಯಿರಲಿಲ್ಲ. ಮೊದಲು ಎಡದ್ದು ಸ್ವಲ್ಪ ಹೊರಗೆ ಬಿತ್ತು. ಆಮೇಲೆ ಬಲದ್ದು. ಆಮೇಲೆ ಎರಡೂ, ಕುಡಿದವರ ಹಾಗೆ. ಜಾರಿದ್ದು ಎಂದುಕೊಂಡ. ಮತ್ತೆ ಜಾರಿದ್ದು ಎಂದುಕೊಂಡ. ಮೂರನೆಯ ಸಲ ಏನೂ ಅಂದುಕೊಳ್ಳಲಿಲ್ಲ.

ಟೀಚರ್ ನಿಂತು, ತಿರುಗಿ, ಎಲ್ಲರನ್ನೂ ಸಿಟ್ಟಿನಿಂದ ನೋಡಿದರು.

"ಹಿಂದಿನ ಬೆಂಚು! ಯಾಕೆ ಗಲಾಟೆ? ಹಾಜರಿ ಇನ್ನೂ ಮುಗಿದಿಲ್ಲ."

ವ್ಯಾಪಾರಿ ಜೋಕೆಂದು ತಿಳಿದು, "ಪ್ರೆಸೆಂಟ್ ಮಿಸ್!" ಎಂದ. ಟೀಚರ್ ಹಾಗೇ ಕುಸಿದು ಹಿಮದಲ್ಲಿ ಕೂತರು.

"ಡಾಕ್ಟ್ರೇ!"

ಅವನು ಮೊಣಕಾಲೂರಿ ನಾಡಿ ಹಿಡಿದ. ಕಣ್ಣು ತೆರೆದಿದ್ದ ಪೇಶಂಟು ಅವನನ್ನೇ ನೋಡುತ್ತಿತ್ತು. ಇದು ಅವನಿಗೆ ಅಭ್ಯಾಸವಿರಲಿಲ್ಲ.

"ಮಿದುಳಿಗೆ ನೀರು ಬಂದಿದೆ. ಕೆಳಗೆ ಇಳಿಸ್ಬೇಕು. ಈಗ್ಲೇ."

ಲೀಡರ್ ಔಷಧಿ ಪೆಟ್ಟಿಗೆಯಿಂದ ಎರಡು ಇಂಜೆಕ್ಷನ್ ತೆಗೆದುಕೊಟ್ಟ. ಡಾಕ್ಟರು ಒಂದನ್ನು ಚುಚ್ಚಿದ. ಇನ್ನೊಂದನ್ನು ಹೆಪ್ಪುಗಟ್ಟದಿರಲೆಂದು ಒಳಜೇಬಿಗೆ ಹಾಕಿಕೊಂಡ.

"ಇದನ್ನ ಕೆಳಗೆ ಹೋದ್ಮೇಲೆ ಕೊಡ್ಬೇಕು. ತಡ ಆಗ್ಬಾರದು."

"ಬೆಳಿಗ್ಗೆ ನೀವು ನೋಡಿದ್ರಲ್ಲ. ಆಗ ಏನೂ ಇರ್ಲಿಲ್ವಾ?"

"ಆಗ..."

ಲೀಡರ್ ಪೆಟ್ಟಿಗೆ ಮುಚ್ಚಿದ. ಗಾಳಿ ಬೀಸಿತು.

"ಎತ್ತರದ ಕಾಯಿಲೆ ಎಷ್ಟು ಬೇಗ ಏರ್ಬಿಡುತ್ತೆ ನೋಡಿ!" ಎಂದು ವಾಕ್ಯವನ್ನು ಲೀಡರೇ ಮುಗಿಸಿಕೊಟ್ಟ.

ಚಿಕ್ಕಪ್ಪ ಆಗಲೇ ಟೀಚರನ್ನು ಬೆನ್ನಿಗೆ ಹಾಕಿಕೊಂಡು ಶಾಲಿನಲ್ಲಿ ಬಿಗಿದುಕೊಂಡಿದ್ದ. "ತಾಯೀ, ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದ. ತಾಯಿ ಯಾರಿಗೋ ಬೆಂಚಿನ ಮೇಲೆ ನಿಲ್ಲಲು ಹೇಳುತ್ತಿದ್ದರು.

"ನೀವು ಅವರ ಜೊತೆ ಹೋದ್ರೆ ವಾಸಿ," ಲೀಡರ್ ದನಿ ತಗ್ಗಿಸಿದ. "ಆದ್ರೆ ತುದಿ ಇಲ್ಲೇ ಇದೆ. ಆ ದಿಣ್ಣೆ ದಾಟಿದ್ರೆ ಆಯ್ತು. ನಿಮ್ಮಿಷ್ಟಪ್ಪ, ನಾನೇನೂ ಹೇಳಲ್ಲ."

"ಬನ್ನಿ ಸಾರ್!" ಮೇಲಿನಿಂದ, ಆಗಲೇ ಮುಂದೆ ಹೋಗಿದ್ದ ವ್ಯಾಪಾರಿ.

"ಬರ್ತೀರಾ ಡಾಕ್ಟ್ರೇ?" ಕೆಳಗಿನಿಂದ ಚಿಕ್ಕಪ್ಪ.

ಡಾಕ್ಟರು ಬಗ್ಗಿ ಬೂಟಿಗೆ ಕೈಹಾಕಿದ.

"ಲೇಸು ಬಿಚ್ಚಿದೆ. ನೀವು ನಡೀರಿ, ಬಂದೆ."

ಮುಖವೆತ್ತದೆ, ಬೂಟಿಗೇ ಹೇಳಿದ. ಚಿಕ್ಕಪ್ಪ ಹೂಂಗುಟ್ಟಿ ಇಳಿಯತೊಡಗಿದ. ಲೀಡರ್ ಕೈಯೆತ್ತಿ ಹತ್ತತೊಡಗಿದ. "ಟೀಚರ್ ಜೊತೇಲಿ ಡಾಕ್ಟ್ರಿದ್ದಾರೆ ಬಿಡಿ, ಭಯ ಇಲ್ಲ," ಎಂದು ಅವನು ಅಣ್ಣತಮ್ಮಂದಿರಿಗೆ ಹೇಳುತ್ತಿದ್ದುದು ಕೇಳಿಸಿತು.

ಲೇಸು ಬಿಚ್ಚಿರಲಿಲ್ಲ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಅಷ್ಟರಲ್ಲಿ ಮಂಜು ಬಂದು ದಿಣ್ಣೆಯನ್ನು ಅಳಿಸಿತು, ಆಮೇಲೆ ಇಳಿಜಾರನ್ನೂ.

ಏಳಬೇಕೆಂದುಕೊಂಡ. ಎದ್ದೆನೆಂದೂ ಅನ್ನಿಸಿತು, ನೋಡಿಕೊಂಡರೆ ಬೆನ್ನಚೀಲಕ್ಕೆ ಒರಗಿ ಕೂತೇ ಇದ್ದ. ಮೇಲಿನವರು ಅವನು ಇಳಿದನೆಂದು ತಿಳಿದಿರುತ್ತಾರೆ: ಒಳ್ಳೆಯ ಡಾಕ್ಟರು, ಪೇಶಂಟನ್ನು ಬಿಡಲಿಲ್ಲ. ಕೆಳಗಿನವನು ಹತ್ತಿದನೆಂದು ತಿಳಿದಿರುತ್ತಾನೆ: ಪಾಪ, ಅಷ್ಟು ದೂರ ಬಂದು ಬಿಡೋಕಾಗುತ್ತಾ. ಎರಡು ಕಡೆಯವರೂ ಅವನ ಬಗ್ಗೆ ಒಳ್ಳೆಯದನ್ನೇ ಯೋಚಿಸುತ್ತಿದ್ದರು. ಇಂಥದ್ದು ಅವನ ಬದುಕಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಒಳಜೇಬಿನ ಇಂಜೆಕ್ಷನ್ ಪಕ್ಕೆಗೆ ಒತ್ತುತ್ತಿತ್ತು.

ಕೂಗಬೇಕಿತ್ತು. ಮೇಲಕ್ಕೋ ಕೆಳಕ್ಕೋ ಎಂದು ತೀರ್ಮಾನವಾಗುವಷ್ಟರಲ್ಲಿ ಬಾಯಿಂದ "ಬಂದೆ" ಎಂಬ ಸದ್ದು ಹೊರಟು ಮಂಜಿನಲ್ಲಿ ಒಂದು ಮಾರು ಹೋಗಿ ನಿಂತಿತು.

ಹಿಮ ಬೀಳತೊಡಗಿತು. ಮೇಲಕ್ಕೆ ನಾಲ್ಕು ಜನರ ಹೆಜ್ಜೆಗಳು ಹೋಗಿದ್ದವು. ಕೆಳಕ್ಕೆ ಒಬ್ಬನವು, ಇಬ್ಬರ ಭಾರಕ್ಕೆ ಆಳವಾಗಿ ಊರಿದ್ದವು. ಮೊದಲು ಮೇಲಿನವು ತುಂಬಿಕೊಂಡವು. ಚಿಕ್ಕಪ್ಪನವು ಸ್ವಲ್ಪ ಹೊತ್ತು ತಡೆದವು. ಆಮೇಲೆ ಅವೂ ತುಂಬಿ, ಹಿಂದೆ ಮುಂದೆ ಎಲ್ಲ ಒಂದೇ ಸಮನಾಯಿತು. ಉಳಿದದ್ದು ಅವನ ಎರಡು ಹೆಜ್ಜೆಗುರುತು ಮಾತ್ರ. ಅದೂ ಬೂಟುಗಳು ಇನ್ನೂ ಅವುಗಳಲ್ಲೇ ಇದ್ದುದರಿಂದ.