ಸೋಪಮ್ಮನ ಶೆಡ್ಡಿಗೆ ಆರು ಕಾಲು

2025ರ ಮಾರ್ಚ್ 8, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಷ್ಟು ಹೊತ್ತಿಗೆ ಮನೆಯ ಹಿತ್ತಲಿನಲ್ಲಿ ಆರು ಗುಂಡಿಗಳಿದ್ದವು, ಪ್ರತಿ ಗುಂಡಿಯಲ್ಲೂ ದಪ್ಪ ಪೈಪಿನ ಒಂದು ತುಂಡು ನೆಟ್ಟಗೆ ನಿಂತಿತ್ತು, ಅವುಗಳ ನಡುವೆ ಮೊಣಕಾಲೂರಿ ಕುಳಿತ ಗಂಡ, ಭೂಮಿ ಗುಂಡಗಿದೆ ಎಂಬ ಸಂಗತಿಯನ್ನು ಹೆಂಡತಿಗೆ ವಿವರಿಸುತ್ತಿದ್ದ.

"ಮೂರು ಮೀಟರಿಗೆ ಭೂಮಿ ಬಾಗೋದು ಒಂದು ಮೈಕ್ರಾನ್‌ಗಿಂತ ಕಡಿಮೆ. ಅದನ್ನ ನಾವು ಬಿಟ್ಟುಬಿಡಬಹುದು."

"ಬಿಡಿ ರೀ, ಪಾಪ. ಭೂಮಿಗೂ ಒಂದಿಷ್ಟು ರಿಯಾಯ್ತಿ ಇರಲಿ."

ಹೀಗೆಂದವಳನ್ನು ಬೀದಿಯವರು ಕರೆಯುತ್ತಿದ್ದದ್ದು ಸೋಪಮ್ಮ ಎಂದು. ಏಳು ವರ್ಷದಿಂದ ಅಡುಗೆಮನೆಯ ಕಟ್ಟೆಯ ಮೇಲೆ ಸೋಪು ಮಾಡಿ, ಮೂರು ಹಾಸ್ಟೆಲುಗಳಿಗೂ ಒಂದು ಆಸ್ಪತ್ರೆಗೂ ಕೊಡುತ್ತಿದ್ದಳು. ಆ ಹೆಸರನ್ನು ಬೀದಿ ಮೊದಲು ಗೇಲಿಗೆ ಇಟ್ಟಿತ್ತು. ಆಮೇಲೆ ಗೇಲಿ ಮಾಡಿದವರೇ ತಟ್ಟೆ ಹಿಡಿದುಕೊಂಡು ಬಂದು, ಮುರಿದ ಚೂರಿದ್ದರೆ ಕೊಡಿ ಅಂದಿದ್ದರು. ಇಡೀ ಬೀದಿಯನ್ನು ಮೂಗಿನ ತುದಿಯಿಂದ ನೋಡುವ ಹಕ್ಕು ತನಗೆ ಅಂದಿನಿಂದ ಬಂದಿದೆ ಎಂದು ಅವಳು ನಂಬಿದ್ದಳು.

ಅತ್ತೆಯ ವಿಷಯದಲ್ಲಿ ಮಾತ್ರ ಆ ಹಕ್ಕು ನಡೆಯಲಿಲ್ಲ. ಏಪ್ರಿಲ್ ಒಂದಕ್ಕೆ ನಾದಿನಿ ಒಂಬತ್ತು ತಿಂಗಳ ಮಗುವಿನೊಂದಿಗೆ ವರ್ಷವೊಂದರ ಮಟ್ಟಿಗೆ ಬರುವವಳಿದ್ದಳು. "ಕಾಸ್ಟಿಕ್ ಸೋಡಾ ಇರೋ ಅಡುಗೆಮನೇಲಿ ಮಗು ತೆವಳಬಾರದು. ಒಂದನೇ ತಾರೀಖಿಂದ ಇಲ್ಲಿ ಸೋಪು ಬೇಡಮ್ಮ" ಎಂದಿದ್ದರು ಅತ್ತೆ. ಸೋಪಮ್ಮ ಕೊಂಕು ತೆಗೆಯಲು ಎರಡು ದಿನ ಹುಡುಕಿದಳು. ಸಿಗಲಿಲ್ಲ. ಮಾತು ಸರಿಯಾಗಿಯೇ ಇತ್ತು. ಹಾಗಾಗಿ ಉಳಿದದ್ದು ಎರಡೇ ದಾರಿ: ಮಾರ್ಚ್ ಮುಗಿಯುವುದರೊಳಗೆ ಹಿತ್ತಲಿನಲ್ಲಿ ಒಂದು ಶೆಡ್ಡು ಎದ್ದು ನಿಲ್ಲಬೇಕು, ಇಲ್ಲವೇ ಅವಳ ಕೆಲಸ ನಿಲ್ಲಬೇಕು. ಶೆಡ್ಡು ನಿಂತರಷ್ಟೇ ಸಾಲದು, ಮಟ್ಟವಾಗಿಯೂ ನಿಲ್ಲಬೇಕು. ಒಂದು ಮೀಟರ್ ಉದ್ದದ ಅಚ್ಚಿನಲ್ಲಿ ಹುಯ್ದ ಸೋಪು ಗಟ್ಟಿಯಾಗಲು ಒಂದಿಡೀ ದಿನ ಬೇಕು. ನೆಲ ವಾಲಿದ್ದರೆ ಸೋಪು ಒಂದು ತುದಿಯಲ್ಲಿ ಇಟ್ಟಿಗೆ, ಇನ್ನೊಂದು ತುದಿಯಲ್ಲಿ ಬಿಸ್ಕತ್ತು.

ಗಂಡ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕೆಲಸ ತಾನೇ ಮಾಡುತ್ತೇನೆಂದು ಹಠ ಹಿಡಿದಿದ್ದ. ಹಿತ್ತಲು ಚರಂಡಿಯ ಕಡೆಗೆ ಹದಿನೆಂಟು ಸೆಂಟಿಮೀಟರ್ ಇಳಿಜಾರು. ಅವನ ಉಪಾಯ ಸರಳವಾಗಿತ್ತು. ಗೋಡೆಯ ಪಕ್ಕ ಒಂದು ಗೂಟ, ಗೂಟದ ಮೇಲೆ ಒಂದು ಗೆರೆ. ನೀರು ತುಂಬಿದ ಪಾರದರ್ಶಕ ನಳಿಕೆಯ ಒಂದು ತುದಿಯನ್ನು ಹೆಂಡತಿ ಆ ಗೆರೆಗೆ ಹಿಡಿಯಬೇಕು, ಇನ್ನೊಂದನ್ನು ಅವನು ಒಂದೊಂದೇ ಪೈಪಿನ ಹತ್ತಿರ ಒಯ್ದು, ನೀರು ನಿಂತಲ್ಲಿ ಗುರುತು ಹಾಕಬೇಕು. ಗುರುತಿಗೆ ಸರಿಯಾಗಿ ಪೈಪು ಕತ್ತರಿಸಿ, ಅಂಚಿನವರೆಗೆ ಕಾಂಕ್ರೀಟು ತುಂಬಿದರೆ ಶೆಡ್ಡಿಗೆ ಒಂದೇ ಮಟ್ಟದ ಆರು ಕಾಲು.

"ಅಂಗಡಿ ತೆಗೀಲಿ, ಹೊಸ ನಳಿಕೆ ತರ್ತೀನಿ" ಎಂದ.

"ಹತ್ತು ಮೀಟರಿಂದು ನನ್ನ ಹತ್ರ ಇಲ್ವಾ? ಅಂಗಡಿ ಬಾಗಿಲು ತೆಗೆಯೋವರೆಗೂ ಭೂಗೋಳದ ಪಾಠ ಕೇಳ್ಕೊಂಡು ಕೂರೋಕಾಗಲ್ಲ ನಂಗೆ."

ಅದು ಅಟ್ಟದ ಮೇಲಿನ ಡ್ರಮ್ಮಿನಿಂದ ದ್ರವ ಸೋಪನ್ನು ಹಿತ್ತಲಿನ ಬಾಟಲಿಗಳಿಗೆ ಇಳಿಸುವ ನಳಿಕೆ. ಒಳಗೆಲ್ಲ ಮಬ್ಬು ಹಿಡಿದಿತ್ತು. ಅವನು ಮೂಸಿ ನೋಡಿದ. "ಸೋಪಿನ ವಾಸನೆ ಬರ್ತಿದೆಯಲ್ಲೇ."

"ವಾಸನೆಗೂ ಮಟ್ಟಕ್ಕೂ ಏನ್ರೀ ಸಂಬಂಧ? ಮೂಗಲ್ಲಿ ಅಳೀತೀರಾ?"

ಅವನು ನಳಿಕೆಗೆ ನೀರು ತುಂಬಿದ. ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು ನೋಡಿದ, ನೀರು ಸಮನಾಗಿತ್ತು. ಅದೊಂದೇ ಸಲ. ಆಮೇಲೆ ನಳಿಕೆಯನ್ನು ಎಳೆದಾಡುತ್ತ ಗುಂಡಿಯಿಂದ ಗುಂಡಿಗೆ ಹೊರಟ.

ಮಹಡಿಯ ಮೇಲಿನ ಮನೆಯಲ್ಲಿದ್ದ ಭಾವ, ಅಂದರೆ ಗಂಡನ ಅಣ್ಣ, ಹಲ್ಲುಜ್ಜುತ್ತ ಬಾಲ್ಕನಿಗೆ ಬಂದರು. ಅವರು ಕಟ್ಟಡ ಕೆಲಸದ ಮೇಸ್ತ್ರಿ. "ಏನೋ ತಮ್ಮಾ, ಪಾಯ ನೋಡ್ತಿದ್ದೀಯೋ, ಗಿಡಕ್ಕೆ ನೀರು ಹಾಕ್ತಿದ್ದೀಯೋ? ನಾನಾಗಿದ್ರೆ ಕಣ್ಣಳತೇಲಿ ಅರ್ಧ ದಿನಕ್ಕೆ ಮುಗಿಸಿರ್ತಿದ್ದೆ."

ಆ ಕಣ್ಣಳತೆಯ ಪ್ರತಾಪ ಸೋಪಮ್ಮನಿಗೆ ಗೊತ್ತಿತ್ತು. ಭಾವ ತಮ್ಮ ಬಚ್ಚಲಿನ ನೆಲವನ್ನು ತಾವೇ ಹಾಕಿದ್ದರು. ಅಲ್ಲಿ ಸ್ನಾನದ ನೀರು ತೂತಿನ ಕಡೆ ಹೋಗದೆ ಬಾಗಿಲಿನ ಕಡೆ ಹೋಗುತ್ತಿತ್ತು. ಓರಗಿತ್ತಿ ಹನ್ನೊಂದು ವರ್ಷದಿಂದ ದಿನಾ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಲೆಕ್ಕ ಗೊತ್ತು, ಕೆಲಸ ಗೊತ್ತಿಲ್ಲ. ಇನ್ನೊಬ್ಬರಿಗೆ ಕೆಲಸ ಗೊತ್ತು, ನಾಚಿಕೆ ಗೊತ್ತಿಲ್ಲ. ಸೋಪಮ್ಮ ಗೆರೆಯನ್ನೇ ನೋಡುತ್ತ ಆರು ಸಲ "ಸರಿ" ಅಂದಳು.

ಭಾನುವಾರ ಕಾಂಕ್ರೀಟು ತುಂಬಿದರು. ಏಳು ದಿನ ಮುಟ್ಟಬಾರದು ಎಂದ ಮೇಷ್ಟ್ರು, ಏಳೂ ದಿನ ಎರಡು ಹೊತ್ತು ನೀರು ಹನಿಸಿದ. 16ರ ಬೆಳಿಗ್ಗೆ ಮರದ ಚೌಕಟ್ಟನ್ನು ಗಂಡಹೆಂಡತಿ ಎತ್ತಿ ಕಾಲುಗಳ ಮೇಲಿಟ್ಟರು. ಕಟಕ್ ಅಂದಿತು. ಈ ಕಡೆ ಒತ್ತಿದರೆ ಆ ಕಡೆ ಏಳುತ್ತಿತ್ತು, ಆ ಕಡೆ ಒತ್ತಿದರೆ ಈ ಕಡೆ.

ಭಾವ ಇಳಿದು ಬಂದು ಒಂದು ಮೂಲೆಯ ಮೇಲೆ ಕಾಲಿಟ್ಟು ತೂಗಿದರು. ಕಟಕ್, ಕಟಕ್. "ಭಲೇ! ಮಗು ಬರುತ್ತೆ ಅಂತ ತೊಟ್ಟಿಲು ಮಾಡಿದ್ದೀಯೇನೋ?"

ಚರಂಡಿ ಪಕ್ಕದ ಕಾಲಿಗೂ ಚೌಕಟ್ಟಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ಮೇಷ್ಟ್ರು ಅಂಥ ಹೊತ್ತಿನಲ್ಲೂ ಸ್ಟೀಲ್ ಸ್ಕೇಲು ತಂದು ಅಳೆದ. ಇಪ್ಪತ್ತೆರಡು ಮಿಲಿಮೀಟರ್. ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ್ದೇ ಅವನು ಮಾಡಿದ ತಪ್ಪು.

ಅಂದಿನಿಂದ ಸೋಪಮ್ಮನ ನಾಲಿಗೆಗೆ ಬಿಡುವಿರಲಿಲ್ಲ. ಊಟಕ್ಕೆ ಕುಳಿತವನು ಇನ್ನೊಂದು ಚೂರು ಬಡಿಸು ಅಂದರೆ, "ಎಷ್ಟು, ಇಪ್ಪತ್ತೆರಡು ಮಿಲಿಮೀಟರಾ?" ಕಾಲೇಜಿಗೆ ಹೊರಟರೆ, "ಮಕ್ಕಳಿಗೆ ಭೂಮಿ ಗುಂಡಗಿದೆ ಅಂತ ಹೇಳ್ಕೊಡಿ, ಮಟ್ಟವಾಗಿದೆ ಅಂತ ಮಾತ್ರ ಹೇಳಬೇಡಿ." ನಾದಿನಿಗೆ ಫೋನು ಮಾಡಿ ಹೇಳಿದಳು, ಎದುರುಮನೆಯ ಟೈಲರಮ್ಮನಿಗೆ ಹೇಳಿದಳು. ಸೋಪು ಒಯ್ಯಲು ಬಂದ ಹಾಸ್ಟೆಲಿನ ವಾರ್ಡನ್ನಿಗೂ ಹೇಳಿದಳು. ಎಲ್ಲರೂ ನಕ್ಕರು. ಜನ ನಕ್ಕಷ್ಟೂ ಅವಳ ಕತೆ ಸೊಗಸಾಗುತ್ತ ಹೋಯಿತು.

ಮೇಷ್ಟ್ರು ನೋಟುಪುಸ್ತಕ ತೆಗೆದು ಗುರುತುಗಳನ್ನು ಮೂರು ಸಲ ತಾಳೆ ನೋಡಿದ. ಪೈಪುಗಳು ಗುರುತಿಗೆ ಸರಿಯಾಗಿಯೇ ಕತ್ತರಿಸಿದ್ದವು, ಒಂದೂ ಕುಸಿದಿರಲಿಲ್ಲ. ತಪ್ಪಾದದ್ದಕ್ಕಿಂತ, ತಪ್ಪು ಎಲ್ಲಾಯಿತೆಂದು ತಿಳಿಯದಿದ್ದದ್ದು ಅವನನ್ನು ಹಣ್ಣು ಮಾಡಿತು. ಬುಧವಾರ ಸಂಜೆ ಅವನೇ ಮಹಡಿ ಹತ್ತಿ ಅಣ್ಣನ ಮುಂದೆ ನಿಂತ. ಭಾವ ಕೂಡಲೇ ಒಪ್ಪಿದರು. ಆರೂ ಕಾಲು ಒಡೆದು, ಶನಿವಾರ ಒಂದೇ ಚಪ್ಪಡಿಯಾಗಿ ಕಾಂಕ್ರೀಟು ಹಾಕುವುದು. "ನನ್ನ ಸಿಮೆಂಟ್ ಚೀಲ, ಸೆಂಟ್ರಿಂಗ್ ಹಲಗೆ ಇಡೋಕೂ ಒಂದು ಜಾಗ ಆಗುತ್ತೆ. ಸೋಪಿಗೆ ಒಂದು ಮೂಲೆ ಸಾಕಲ್ಲ?"

"ಮೂಲೆ? ಆರು ಅಚ್ಚು, ಡ್ರಮ್ಮು, ತಕ್ಕಡಿ, ಎಲ್ಲಾ ಒಂದು ಮೂಲೇಲಾ? ಅದೂ ಆ ಬಚ್ಚಲು ಮಾಡಿದವರ ಕೈಲಿ?" ಸೋಪಮ್ಮ ಗಂಡನ ಮೇಲೆ ಹಾರಿಬಿದ್ದಳು. "ನೀವೇ ಮತ್ತೆ ಮಾಡಿ."

"ನನ್ನ ಕೈಲಾಗಲ್ಲ ಕಣೇ. ನೀನೇ ತಾನೇ ಬೀದಿಗೆಲ್ಲ ಹೇಳಿದ್ದು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಗುರುವಾರ ಸಂಜೆ ನಾಲ್ಕೂವರೆಗೆ ಹಾಸ್ಟೆಲಿನ ಬಾಟಲಿಗಳನ್ನು ತುಂಬಬೇಕಿತ್ತು. ಅದಕ್ಕೂ ಮುಂಚೆ ಸೋಪಮ್ಮ ನಳಿಕೆ ತೊಳೆಯಲು ನಲ್ಲಿಗೆ ಸಿಕ್ಕಿಸಿ ನೀರು ತುಂಬಿದಳು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕರೆದರು. ಎರಡು ತುದಿಗಳನ್ನೂ ಗೋಡೆಯ ಒಂದೇ ಮೊಳೆಗೆ ಸಿಕ್ಕಿಸಿ ಹೋಗಿ, ತಿರುಗಿ ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ಇದು: ಒಂದೇ ನಳಿಕೆ, ಒಂದೇ ನೀರು, ಪಕ್ಕಪಕ್ಕದ ಎರಡು ತುದಿ. ಒಂದರಲ್ಲಿ ನೀರು ಮೇಲೆ, ಇನ್ನೊಂದರಲ್ಲಿ ಕೆಳಗೆ.

ಗಂಡನ ಸ್ಕೇಲು ತಂದು ಅಳೆದಳು. ಹದಿನೇಳು ಮಿಲಿಮೀಟರ್. ನಳಿಕೆಯನ್ನು ಒಮ್ಮೆ ಅಲ್ಲಾಡಿಸಿ ಮತ್ತೆ ಅಳೆದಳು. ಒಂಬತ್ತು. ಇನ್ನೊಮ್ಮೆ ಎಳೆದಾಡಿದಾಗ ಇಪ್ಪತ್ತಾರು. ಬೆಳಕಿಗೆ ಹಿಡಿದರೆ, ಎತ್ತರವಾಗಿ ನಿಂತ ನೀರಿನ ನಡುವೆ ಅಲ್ಲಲ್ಲಿ ನೊರೆಯ ತುಣುಕುಗಳು ಸಿಕ್ಕಿಕೊಂಡಿದ್ದವು. ನೊರೆ ಎಂದರೆ ಗಾಳಿ. ಗಾಳಿಗೆ ಲೆಕ್ಕಕ್ಕೆ ಬರುವ ತೂಕವಿಲ್ಲ, ಉದ್ದ ಮಾತ್ರ ಇದೆ. ನೀರು ತನ್ನ ತೂಕವನ್ನು ಸರಿದೂಗಿಸಿಕೊಂಡಿತ್ತು. ನೊರೆಯಿದ್ದ ಕಡೆ ಆ ಉದ್ದವಷ್ಟೇ ಹೆಚ್ಚಾಗಿ ಕಾಣುತ್ತಿತ್ತು. ಪ್ರತಿ ಗುಂಡಿಗೆ ಎಳೆದಾಗಲೂ ನೊರೆ ಬೇರೆ, ಸುಳ್ಳೂ ಬೇರೆ. ಮೂಗಲ್ಲಿ ಅಳೆದಿದ್ದರೂ ಇದಕ್ಕಿಂತ ವಾಸಿಯಿತ್ತು.

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಹೇಳದಿದ್ದರೆ ಯಾರಿಗೂ ತಿಳಿಯುವಂತಿಲ್ಲ. ಹೊಸ ನಳಿಕೆ ತಂದುಕೊಟ್ಟು, ಇನ್ನೊಮ್ಮೆ ನೋಡಿ ಅನ್ನಬಹುದಿತ್ತು. ಆದರೆ ಆ ಮನುಷ್ಯ ಮುಟ್ಟುವುದಿಲ್ಲ, ಅವನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಗಿದೆ. ಆ ನಂಬಿಕೆಯನ್ನು ಕಳೆದದ್ದು ಯಾರು? ಐದು ದಿನ ಮೂರು ಹೊತ್ತು ಬೀದಿಯವರನ್ನು ನಗಿಸಿದ ವಿದ್ಯಾವಂತೆ, ಬಿಎಸ್ಸಿ, ಕೆಮಿಸ್ಟ್ರಿ. ಸೋಪಿಗೆ ನೀರು ಬಿದ್ದರೆ ನೊರೆ ಬರುತ್ತದೆಂದು ತಿಳಿಯಲು ಅವಳಿಗೆ ಪದವಿಯೂ ಸಾಲಲಿಲ್ಲ, ಏಳು ವರ್ಷದ ಕಸುಬೂ ಸಾಲಲಿಲ್ಲ. ಟೈಲರಮ್ಮನಿಗೆ ಈ ಕತೆ ಗೊತ್ತಾದರೆ ಎಷ್ಟು ಚೆನ್ನಾಗಿ ನಗುತ್ತಾಳೆಂಬುದನ್ನು ಅವಳು ಅಲ್ಲೇ ಕುಳಿತು ಪೂರ್ತಿಯಾಗಿ ಕಲ್ಪಿಸಿಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹಾರೆ ತಗುಲಿದ ಸದ್ದು. ಭಾವ ಇಳಿದು ಬಂದರು, ಹಿಂದೆ ಆಗಷ್ಟೇ ಕಾಲೇಜಿನಿಂದ ಬಂದ ಗಂಡ. "ಶನಿವಾರದವರೆಗೆ ಯಾಕೆ? ಇವತ್ತೇ ಒಂದೆರಡು ಒಡೆದು ನೋಡೋಣ" ಎಂದು ಭಾವ ಚರಂಡಿ ಪಕ್ಕದ ಕಾಲಿಗೆ ಹಾರೆ ಆನಿಸಿದರು.

"ಭಾವ, ಹಾರೆ ಕೆಳಗಿಡಿ."

"ಯಾಕಮ್ಮಾ?"

"ತಪ್ಪು ಅವರದ್ದಲ್ಲ, ನನ್ನದು. ನಳಿಕೆ ನಂದು, ಸೋಪು ನಂದು, ವಾಸನೆ ಬರ್ತಿದೆ ಅಂದೋರ ಬಾಯಿ ಮುಚ್ಚಿಸಿದ್ದೂ ನಾನೇ." ಮೊಳೆಯ ಮೇಲಿನ ಎರಡು ತುದಿಗಳನ್ನು ತೋರಿಸಿದಳು. "ನೋಡ್ರೀ, ನಿಮ್ಮ ಇಪ್ಪತ್ತೆರಡು ಎಲ್ಲಿತ್ತು ಅಂತ."

ಮೇಷ್ಟ್ರು ನೋಡಿದ. ಬಗ್ಗಿ ನೋಡಿದ, ನಳಿಕೆಯನ್ನು ಬೆರಳಿನಿಂದ ತಟ್ಟಿದ, ನೊರೆ ಒಂದಿಷ್ಟು ಮೇಲೇರಿತು. ಐದು ದಿನದ ನಂತರ ಅವನ ಮುಖಕ್ಕೆ ಕಳೆ ಬಂತು.

"ನೊರೆ! ಅಯ್ಯೋ, ನಾನು ಪ್ರತಿ ಸಲಾನೂ ಎರಡು ತುದೀನೂ ಜೋಡಿಸಿ ನೋಡಬೇಕಿತ್ತು ಕಣೇ."

"ನೋಡಬೇಕಿತ್ತು. ನೋಡಲಿಲ್ಲ. ನಿಮಗೂ ಅರ್ಧ ಪಾಲಿದೆ, ಪೂರ್ತಿ ನಾನೇ ಹೊರಲ್ಲ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತು ವರ್ಷದ ಸರ್ವೀಸಲ್ಲಿ ಸೋಪಿನ ನೊರೆಗೆ ಪಾಯ ಹಾಳಾಗಿದ್ದು ಇದೇ ಮೊದಲು. ಆಗಲಿ, ಹೇಗೂ ಹಾಳಾಗಿದೆ, ಒಡೆದುಬಿಡೋಣ."

"ನಗಿ ಭಾವ, ನಗೋಕೆ ನಿಮಗೆ ಹಕ್ಕಿದೆ. ಒಡೆಯೋಕೆ ಇಲ್ಲ. ಎಲ್ಲಕ್ಕಿಂತ ಎತ್ತರದ ಕಾಲಿನ ಮಟ್ಟಕ್ಕೆ ಉಳಿದ ಐದನ್ನ ಗಾರೆ ಹಚ್ಚಿ ಏರಿಸಿದ್ರೆ ಆಯ್ತು. ಚಪ್ಪಡಿ ಹಾಕಲೇಬೇಕು ಅಂದ್ರೆ ನಿಮ್ಮ ಬಚ್ಚಲಿಗೆ ಹಾಕಿ. ಅಕ್ಕ ಹನ್ನೊಂದು ವರ್ಷದಿಂದ ಕಾಯ್ತಿದ್ದಾರೆ."

ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಓರಗಿತ್ತಿ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಕೆಳಗಿದ್ದ ಮೂವರಿಗೂ ಗೊತ್ತಾಯಿತು. ಭಾವ ಹಾರೆಯನ್ನು ಗೋಡೆಗೆ ಒರಗಿಸಿದರು.

ಮೇಷ್ಟ್ರು ಹೊಸ ನಳಿಕೆ ತಂದ. ಶನಿವಾರ ಪ್ರತಿ ಕಾಲಿಗೂ ಮುನ್ನ ಎರಡು ತುದಿಗಳನ್ನು ಜೋಡಿಸಿ ನೋಡಿದ. ಸೋಪಮ್ಮ ಗೂಟದ ಬಳಿ ನಿಂತು ಕೊಂಕು ನುಡಿಯಲು ನಾಲ್ಕು ಸಲ ಬಾಯಿ ತೆರೆದು, ನಾಲ್ಕು ಸಲವೂ "ಸರಿ" ಎಂದಷ್ಟೇ ಅಂದಳು. ಐದನೆಯ ಸಲ ತಡೆಯಲಾಗಲಿಲ್ಲ. "ಭೂಮಿ ಇವತ್ತೂ ಗುಂಡಗಿದೆಯಾ?" ಎಂದು ಕೇಳಿದಳು. ಇದೆ ಎಂದು ಅವನು ಹೇಳಿದ. ಗಾರೆಯನ್ನು ಅವನೇ ಹಚ್ಚಿದ, ಕರಣೆಯಿಂದ ತೀಡಿದ, ಮೇಲೆ ಒದ್ದೆ ಗೋಣಿ ಹೊದಿಸಿದ.

ಮಂಗಳವಾರ ಬೆಳಿಗ್ಗೆ ಚೌಕಟ್ಟು ಮತ್ತೆ ಏರಿತು. ಸದ್ದಿಲ್ಲ. ಭಾವ ಮೂಲೆಯ ಮೇಲೆ ಕಾಲಿಟ್ಟು ತೂಗಿದರು, ಇನ್ನೊಂದು ಮೂಲೆಯ ಮೇಲೆ ಪೂರ್ತಿ ಹತ್ತಿ ನಿಂತರು. ಅಲುಗಲಿಲ್ಲ. "ಅಲುಗದಿದ್ರೆ ಮಟ್ಟ ಅಂತಲ್ಲ, ವಾಲಿರಬಹುದು" ಎಂದರು.

"ಹಾಗಾದ್ರೆ ನೀವೇ ಅಳೀರಿ. ಕಣ್ಣಲ್ಲಲ್ಲ, ಇದ್ರಲ್ಲಿ" ಎಂದು ಸೋಪಮ್ಮ ನಳಿಕೆಯನ್ನೂ ಸ್ಕೇಲನ್ನೂ ಅವರ ಕೈಗೆ ತುರುಕಿದಳು.

ಭಾವ ಗೊಣಗುತ್ತ ಮೊಣಕಾಲೂರಿದರು. ಇನ್ನೊಂದು ತುದಿಯನ್ನು ಗೆರೆಗೆ ಹಿಡಿದಿದ್ದ ತಮ್ಮ ಉಸಿರು ಬಿಡಲೂ ಹೆದರಿ ನಿಂತಿದ್ದ. ಆರು ಕಾಲು, ಆರು ಅಳತೆ. ಪ್ರತಿಯೊಂದನ್ನೂ ಸೋಪಮ್ಮ ಬರೆದುಕೊಂಡಳು. ಅತಿ ಎತ್ತರದ್ದರಿಂದ ಅತಿ ತಗ್ಗಿನದನ್ನು ಕಳೆಯುವುದನ್ನೂ ಭಾವನ ಕೈಲೇ ಮಾಡಿಸಿ, ಗಟ್ಟಿಯಾಗಿ ಓದಿ ಎಂದಳು.

"ಎರಡು ಮಿಲಿಮೀಟರ್" ಎಂದರು ಭಾವ.