ಬೂನ್‌ತೋ ಅವರ ಗಂಟಲು

ಹುವೇಯಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿದ ಮೇಲೆ ಊರೆಲ್ಲ ಸುಟ್ಟ ಬೆಲ್ಲದ ವಾಸನೆ. ಆ ಚಳಿಗಾಲದಲ್ಲೇ ಬೂನ್‌ತೋ ಅವರ ಗಂಟಲು ಕೈಕೊಟ್ಟಿದ್ದು.

ನಮ್ಮದು ಟಿವಿಗೆ ಕೈಗೊಂಬೆ ಆಟ ಮಾಡುವ ತಂಡ. ಕತ್ತಿವರಸೆಯ ಕಥೆ, ವಾರಕ್ಕೊಂದು ಕಂತು. ಗದ್ದೆ ನಡುವಿನ ಹಳೇ ಗೋದಾಮೇ ನಮ್ಮ ಸ್ಟುಡಿಯೋ. ಅಲ್ಲಿ ಯಾವ ಕೆಲಸವೂ ಬೂನ್‌ತೋ ಬಾಯಿ ತೆರೆಯದೆ ಶುರುವಾಗುತ್ತಿರಲಿಲ್ಲ. ನಾವೆಲ್ಲ ಸೈಹು ಅಂತ, ಅಂದರೆ ಗುರುಗಳು ಅಂತ, ಕರೆಯುತ್ತಿದ್ದದ್ದು ಅವರನ್ನೇ. ನಮ್ಮ ಆಟದಲ್ಲಿ ಎಲ್ಲ ಪಾತ್ರಕ್ಕೂ ಒಬ್ಬನೇ ದನಿ ಕೊಡಬೇಕು. ವೀರ, ಖಳ, ರಾಣಿ, ಮುದುಕಿ, ಮಗು, ಕೊನೆಗೆ ಕುದುರೆಯ ಕೆನೆತವೂ ಅವರದೇ. ಸೂಎನ್ ಅದನ್ನು ಧ್ವನಿಮುದ್ರಿಸುತ್ತಾಳೆ. ಆ ದನಿ ಕೇಳಿಕೊಂಡು ನಾವು ಗೊಂಬೆ ಆಡಿಸುತ್ತೇವೆ. ಆಮೇಲೆ ಬಿಂಗ್‌ತಿಕ್ ಕಂಪ್ಯೂಟರಿನಲ್ಲಿ ಮಿಂಚು, ಬೆಂಕಿ, ಹಾರಾಟ ಎಲ್ಲ ಸೇರಿಸುತ್ತಾನೆ. ಕಟ್ಟಕಡೆಗೆ ಸಂಗೀತ. ಸೈಹು ಒಂದು ದಿನ ತಡ ಮಾಡಿದರೆ ಉಳಿದವರೆಲ್ಲರ ನಿದ್ದೆಗೂ ಕತ್ತರಿ.

ನಾನು ಚಾಯ್‌ಹಾ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನ್ನ ಕೈಯಲ್ಲಿರುವುದು ಒಂದೇ ಗೊಂಬೆ. ಮಂಜುಕೊಕ್ಕರೆ ಅನ್ನುವ ಕತ್ತಿಗಾತಿ. ಗೊಂಬೆಗಳು ಆಡುವ ಅಟ್ಟಣೆಯ ಕೆಳಗೆ ಕೂತು, ಕೈ ಮೇಲೆತ್ತಿ ಅವಳನ್ನು ಆಡಿಸುತ್ತೇನೆ. ಸಂಜೆ ಮನೆಗೆ ಹೋದರೆ ತಲೆ ಬಾಚಿಕೊಳ್ಳಲೂ ಆ ಕೈ ಏಳುವುದಿಲ್ಲ.

ಸೈಹು ಗಂಟಲಿನ ಗಂಟು ತೆಗೆಸಿಕೊಂಡಿದ್ದರು. ಕಮ್ಮಿ ಮಾತಾಡಿ ಎಂದು ವೈದ್ಯರು ಹೇಳಿದ್ದರು. ಮಾತೇ ಕಸುಬಾದವನು ಕಮ್ಮಿ ಮಾತಾಡುವುದು ಹೇಗೆ? ಬೆಳಗ್ಗೆ ದನಿ ಪರವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಬೆಂಚು ಎಳೆದ ಹಾಗಾಗುತ್ತಿತ್ತು. ಸೂಎನ್ ಸೋಮವಾರದ ಒಂದು ಪದ, ಬುಧವಾರದ ಒಂದು ಪದ ತಂದು ತೇಪೆ ಹಾಕಿ ವಾಕ್ಯ ಹೊಲಿಯುತ್ತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪು ಕೂತಿತ್ತು.

ಒಂದು ದಿನ ಊಟದ ಡಬ್ಬಿ ಬಿಚ್ಚಿಕೊಂಡು ಎಲ್ಲರೂ ಕೂತಿದ್ದಾಗ ನಿರ್ದೇಶಕಿ ಕೈಯಿನ್ ಮಾತು ತೆಗೆದಳು. ಅವಳು ಸೈಹು ಅವರ ಅಣ್ಣನ ಮಗಳು.

"ಚಿಕ್ಕಪ್ಪ, ಹೀಗೇ ಹೋದ್ರೆ ಹೊಸ ವರ್ಷದ ಕಂತು ಆಗಲ್ಲ."

"ಗೊತ್ತು," ಎಂದರು ಸೈಹು. ಅಷ್ಟೇ ಹೊರಟಿತು.

ಬಿಂಗ್‌ತಿಕ್ ತಲೆ ಕೆರೆದುಕೊಂಡ. "ಸೈಹು, ಬೈಬೇಡಿ. ನಿಮ್ಮ ಹಳೇ ಕಂತುಗಳ ದನೀನೆಲ್ಲ ಕಂಪ್ಯೂಟರಿಗೆ ಕಲಿಸಿ ನೋಡಿದೀನಿ. ಒಂಚೂರು ಕೇಳ್ತೀರಾ?"

ಗುಂಡಿ ಒತ್ತಿದ. ಇಪ್ಪತ್ತು ವರ್ಷ ಹಿಂದಿನ ಬೂನ್‌ತೋ ಗೋದಾಮಿನ ತುಂಬ ಗರ್ಜಿಸಿದರು. ಈ ವಾರ ಬರೆದ ಮಾತು, ಆಗಿನ ಗಂಟಲು. ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಸೈಹು ತಮ್ಮ ಕಷಾಯ ಒಂದು ಗುಟುಕು ಕುಡಿದರು.

"ಚೆನ್ನಾಗಿ ಮಾತಾಡ್ತಾನೆ ಇವನು. ನನಗಿಂತ ವಾಸಿ. ಊಟ ಹಾಕೋದೂ ಬೇಡ."

ಎಲ್ಲರೂ ನಕ್ಕೆವು. ಅವರು ಅರ್ಧ ತಿಂದ ಡಬ್ಬಿ ಮುಚ್ಚಿ, ಹೆಲ್ಮೆಟ್ ಹಾಕಿಕೊಂಡು ಮನೆಗೆ ಹೊರಟುಬಿಟ್ಟರು. ಮಾರನೆಯ ದಿನ ಬರಲಿಲ್ಲ.

ಆ ಯಂತ್ರದ ದನಿಗೆ ನಾವು ಚಿತ್ರೀಕರಣ ಶುರುಮಾಡಿದೆವು. ನನಗೆ ಆಡಿಸಲು ಆಗಲಿಲ್ಲ. ದನಿಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೆ ಮಾತಿಗೆ ಮುಂಚೆ ಸೈಹು ಉಸಿರು ಎಳೆದುಕೊಳ್ಳುತ್ತಿದ್ದರು. ಆ ಉಸಿರು ಎಷ್ಟು ಉದ್ದ ಎಂಬುದರ ಮೇಲೆಯೇ ಮಂಜುಕೊಕ್ಕರೆ ಕತ್ತಿ ಎತ್ತುತ್ತಾಳೋ, ಮುಖ ತಿರುಗಿಸುತ್ತಾಳೋ ಎಂದು ನನ್ನ ಭುಜಕ್ಕೆ ತಿಳಿಯುತ್ತಿತ್ತು. ಇದರಲ್ಲಿ ಅದಿಲ್ಲ. ಗೊಂಬೆ ಪ್ರತಿ ಸಲವೂ ಒಂದು ಕ್ಷಣ ಹಿಂದೆ ಬೀಳುತ್ತಿತ್ತು.

"ಉಸಿರಿನ ಸದ್ದು ಗಲೀಜು ಅಂತ ತೆಗೆದಿದ್ದೆ ಅಕ್ಕ. ಹಾಕ್ಕೊಡ್ತೀನಿ ಇರು," ಎಂದ ಬಿಂಗ್‌ತಿಕ್. ಹಾಕಿದ. ನಿದ್ದೆ ಮಾಡುವವರ ಉಸಿರಿನ ಹಾಗೆ, ಎಲ್ಲ ಒಂದೇ ಅಳತೆ.

ಅದೇ ದೃಶ್ಯ ಮತ್ತೆ, ಮತ್ತೆ. ಕೊನೆಗೆ ನನ್ನ ಕೈ ತಾನಾಗಿ ಕೆಳಗಿಳಿಯಿತು. ಕ್ಯಾಮೆರಾ ಓಡುತ್ತಲೇ ಇತ್ತು.

"ಅಕ್ಕಾ!" ಬಿಂಗ್‌ತಿಕ್ ಕೂಗಿಕೊಂಡ. "ಹೊಸ ವರ್ಷದ ಹೊತ್ತಿಗೆ ಎಷ್ಟು ಮಿಂಚು ಹಾಕಬೇಕು ಗೊತ್ತಾ ನಂಗೆ? ನನ್ನ ಮಗಳು ನನ್ನನ್ನ ಫೋನಿನಲ್ಲೇ ನೋಡ್ತಿರೋದು. ಹೇಗೋ ಒಂದು ಆಡ್ಸು, ಉಳಿದದ್ದು ಹೊಗೆ ಹಾಕಿ ಮುಚ್ತೀನಿ."

"ಹೊಗೇನೇ ತೋರ್ಸು ಹಾಗಾದ್ರೆ. ಗೊಂಬೆ ಯಾಕೆ?"

ಅವನು ಕಂಪ್ಯೂಟರಿನ ಕಡೆ ತಿರುಗಿಕೊಂಡ. ಕೋಪಕ್ಕೂ ಶಕ್ತಿ ಬೇಕಲ್ಲ, ಅದು ಇಬ್ಬರಲ್ಲೂ ಇರಲಿಲ್ಲ. ನಾನು ಗೊಂಬೆಯನ್ನು ಗೂಟಕ್ಕೆ ಸಿಕ್ಕಿಸಿ ಸ್ಕೂಟರ್ ಹತ್ತಿದೆ.

ಸೈಹು ಮನೆಯ ಅಂಗಳದಲ್ಲಿ ಅವರ ಹೆಂಡತಿ ಮೂಲಂಗಿ ಒಣಹಾಕುತ್ತಿದ್ದರು. ಸೈಹು ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು.

"ಬನ್ನಿ ಸೈಹು. ಮಾತು ಬೇಡ. ನನ್ನ ಪಕ್ಕ ಕೂತು ಉಸಿರಾಡಿದ್ರೆ ಸಾಕು."

"ನಾನೇನು ಸೈಕಲ್ ಪಂಪಾ?"

ನಾನು ಮೆಟ್ಟಿಲ ಮೇಲೆ ಕೂತೆ. ಅವರೇ ಪಿಸುದನಿಯಲ್ಲಿ ಶುರುಮಾಡಿದರು. "ನಿಲ್ಲಿಸ್ಬೇಕು ಅಂತ ಎಷ್ಟೋ ವರ್ಷದಿಂದ ಅಂದ್ಕೋತಿದ್ದೆ ಚಾಯ್‌ಹಾ. ನಿಮ್ಮೆಲ್ಲರ ಅನ್ನ ನನ್ನ ಗಂಟಲಲ್ಲಿ ಸಿಕ್ಕಾಕ್ಕೊಂಡಿತ್ತು. ಅದಕ್ಕೇ ಬರ್ತಾ ಇದ್ದೆ."

ನನಗೆ ರೇಗಿತು. "ನನ್ನ ಕೈ ನೋಡಿ. ನಾನು ಯಾಕೆ ಬಿಟ್ಟಿಲ್ಲ ಅಂದ್ಕೊಂಡ್ರಿ? ನಿಮಗೆ ಬೇಜಾರಾಗುತ್ತೆ ಅಂತ."

"ಯಾರು ಹೇಳಿದ್ರು ನಿಂಗೆ, ಬೇಜಾರಾಗುತ್ತೆ ಅಂತ?"

"ನಿಮಗ್ಯಾರು ಹೇಳಿದ್ರು, ನಮ್ಮ ಅನ್ನ ನಿಮ್ಮ ಗಂಟಲಲ್ಲಿದೆ ಅಂತ?"

"ಇಬ್ಬರೂ ಸ್ವಲ್ಪ ಬಾಯ್ಮುಚ್ಕೊಳ್ಳಿ," ಎಂದರು ಅವರ ಹೆಂಡತಿ ಮೂಲಂಗಿಯಿಂದ ತಲೆ ಎತ್ತದೆ. "ಇವರಿಗೆ ಮಾತು ಬೇಡ ಅಂದಿದಾರೆ ಡಾಕ್ಟ್ರು."

ಸೈಹು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಹೇಳಿದರು. "ದನಿ ಹಂಚಿಬಿಡಿ. ಮಂಜುಕೊಕ್ಕರೆ ಸೂಎನ್‌ಗೆ."

"ಹೆಂಗಸಿಗಾ?"

"ಮಂಜುಕೊಕ್ಕರೆ ಹೆಂಗಸಲ್ವೇನೇ? ಇಷ್ಟು ವರ್ಷ ನನ್ನ ತೊದಲು, ಕೆಮ್ಮು, ತೇಗು ಎಲ್ಲ ಕತ್ತರಿಸಿ ಎಸೆದವಳು ಅವಳು. ಅವಳ ಕಿವೀಲಿ ನಾನು ಪೂರ್ತಿ ಇದೀನಿ."

ಬರೀ ಇಷ್ಟು ಹೇಳುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಮಾರನೆಯ ದಿನ ಬೆಳಗ್ಗೆ ಬಂದರು. ಅಟ್ಟಣೆಯ ಕೆಳಗೆ ನನ್ನ ಪಕ್ಕ ಒಂದು ಮಣೆ ಹಾಕಿಸಿಕೊಂಡು ಕೂತು, ಮಾತುಗಳನ್ನು ಬರೀ ಉಸಿರಿನಲ್ಲಿ ಆಡುತ್ತ ಹೋದರು. ಆ ಪಿಸುಮಾತಿಗೆ ನಾವು ಗೊಂಬೆ ಆಡಿಸಿದೆವು. ಹಾಗೆ ತೆಗೆದ ಚಿತ್ರಕ್ಕೆ ಆಮೇಲೆ ಸೂಎನ್, ಕೈಯಿನ್ ಮತ್ತು ಸಂಗೀತದ ಇಬ್ಬರು ಕೂತು ದನಿ ಕೂಡಿಸಬೇಕಾಗಿತ್ತು. ಬಿಂಗ್‌ತಿಕ್ ತನ್ನ ಯಂತ್ರ ಮುಚ್ಚಿಡಲು ಹೊರಟಾಗ ಸೈಹು ಕೈಸನ್ನೆಯಲ್ಲೇ ತಡೆದರು. ಕಥೆಯಲ್ಲಿ ಸತ್ತುಹೋಗಿದ್ದ ಖಳನ ದೆವ್ವವೊಂದು ಬರುವುದಿತ್ತು.

"ಅದಕ್ಕೆ ಹಾಕು. ದೆವ್ವಕ್ಯಾಕೆ ಉಸಿರು?"

ಬಿಂಗ್‌ತಿಕ್ ತುಂಬ ದಿನದ ಮೇಲೆ ಬಾಯಿ ತುಂಬ ನಕ್ಕ.

ಕೆಲಸ ಹಗುರವಾಯಿತು ಎಂದರೆ ಸುಳ್ಳಾದೀತು. ಮೊದಲು ಒಬ್ಬರಿಗೆ ಕಾಯುತ್ತಿದ್ದವರು ಈಗ ಪರಸ್ಪರ ಕಾಯತೊಡಗಿದೆವು. ಕೈಯಿನ್‌ಗೆ ಮುದುಕಿಯ ದನಿ ಹಿಡಿಯಲು ಬರಲಿಲ್ಲ. ಸೂಎನ್ ಮೊದಲ ದಿನ ಮೈಕಿನ ಮುಂದೆ ನಿಂತು ಹಾಳೆ ಕೆಳಗಿಟ್ಟಳು. "ಸೈಹು, ಇದು ನನ್ನ ಕೈಲಾಗಲ್ಲ, ಗಾಜಿನ ಆಚೆ ಕೂರೋಳು ನಾನು," ಎಂದು ಅತ್ತುಬಿಟ್ಟಳು. ಸೈಹು ಅವಳ ಹಿಂದೆ ನಿಂತು, ಉಸಿರು ಎಳೆಯಬೇಕಾದಲ್ಲಿ ಬೆನ್ನಿಗೆ ಮೆಲ್ಲನೆ ತಟ್ಟುತ್ತ ಬಂದರು. ಸಂಜೆಯ ಹೊತ್ತಿಗೆ ಒಂದು ದೃಶ್ಯ ಮುಗಿಯಿತು. ಚೆನ್ನಾಗಿತ್ತೇ? ಕೇಳುವಂತಿತ್ತು. ಅಷ್ಟು ಸಾಕಾಗಿತ್ತು.

ಹೊಸ ವರ್ಷಕ್ಕೆ ಕಂತು ಹೋಯಿತು. ಮೀನು ಮಾರುವವಳಿಂದ ಹಿಡಿದು ನನ್ನ ಅತ್ತೆಯವರೆಗೆ ಎಲ್ಲರೂ ಬೈದರು. "ಮಂಜುಕೊಕ್ಕರೆಗೆ ಶೀತ ಆಗಿದೆಯಾ?" ಎಂದು ಕೇಳಿದವರಿದ್ದರು. "ದೆವ್ವದ ದನಿ ಮಾತ್ರ ಭೇಷ್, ಬೂನ್‌ತೋ ಬೂನ್‌ತೋನೇ," ಎಂದವರೂ ಇದ್ದರು. ಅದನ್ನು ಸೈಹು ಅವರಿಗೆ ಹೇಳಿದಾಗ ಅವರು ಬಿಂಗ್‌ತಿಕ್ ಕಡೆ ನೋಡಿ ತಲೆದೂಗಿದರು. ಮುಖದಲ್ಲಿ ಏನಿತ್ತೋ, ನನಗೆ ಗೊತ್ತಾಗಲಿಲ್ಲ. ಭತ್ತದ ನಾಟಿ ಮುಗಿಯುವಷ್ಟರಲ್ಲಿ ಬೈಗುಳ ತಗ್ಗಿತು. ಜನ ಒಗ್ಗಿಕೊಂಡರೋ, ಅವರಿಗೂ ಸಾಕಾಯಿತೋ.

ಆಮೇಲೆ ಒಂದು ಮಧ್ಯಾಹ್ನ ಸೈಹು, ಇನ್ನೊಂಚೂರು ಸಾರು ಹಾಕು ಅನ್ನುವ ಧಾಟಿಯಲ್ಲೇ, "ಮುಂದಿನ ವಾರದಿಂದ ನಾನು ಬರಲ್ಲ," ಎಂದರು.

ಬೇಡ ಸೈಹು, ಇರಿ, ಎಂದು ಯಾರಾದರೂ ಹೇಳಬೇಕಿತ್ತು. ಸೂಎನ್ ಅವರ ಬಟ್ಟಲಿಗೆ ತನ್ನ ಡಬ್ಬಿಯ ಮೊಟ್ಟೆ ಎತ್ತಿ ಹಾಕಿದಳು. ಅವರು ಅದನ್ನು ಪೂರ್ತಿ ತಿಂದರು. ಚಿಕ್ಕಪ್ಪನನ್ನು ಮನೆಗೆ ಬಿಡಲು ಕೈಯಿನ್ ಕಾರಿನ ಕೀಲಿ ತಂದಳು. ಅಟ್ಟಣೆಯ ಕೆಳಗಿನ ಮಣೆಯನ್ನು ತೆಗೆಯಬೇಕೇ ಎಂದು ಬಿಂಗ್‌ತಿಕ್ ಕೇಳಿದ. ಇರಲಿ, ಕಾಲು ಚಾಚಿಕೊಳ್ಳೋಕೆ ಆಗುತ್ತೆ, ಎಂದೆ. ನಂತರ ಸೂಎನ್, ಬಿಂಗ್‌ತಿಕ್, ನಾನು ಮೂವರೂ ಅಲ್ಲೇ ಗೋಡೆಗೆ ಒರಗಿ, ಮುಂದಿನ ದೃಶ್ಯದ ದೀಪ ಹೊತ್ತಿಸುವವರೆಗೆ ಕಣ್ಣು ಮುಚ್ಚಿದೆವು.