ಪರೀಕ್ಷಕಿಯ ಎದುರು ಹತ್ತು ನಿಮಿಷ

ಲುತ್ಫಾ ಜಗ್ಗಿನಲ್ಲಿ ಬೆಚ್ಚನೆಯ ನೀರು ಮೊಗೆದು ಅತ್ತೆಯ ಬಲಭುಜದ ಮೇಲೆ ಸುರಿದಳು. ಹೊದಿಸಿದ ಬಟ್ಟೆಯ ಅಡಿಯಲ್ಲಿ ನೀರು ಸದ್ದಿಲ್ಲದೆ ಇಳಿದು ಮೇಜಿನಂಚಿನಿಂದ ತೊಟ್ಟಿಕ್ಕಿತು. ಇಂಗ್ಲೆಂಡಿನ ಓಲ್ಡಮ್ ಊರಿನ ಮಸೀದಿಯ ಹಿಂದಿನ ಆ ಸಣ್ಣ ಕೋಣೆಯಲ್ಲಿ ಮೂವರೇ ಹೆಂಗಸರಿದ್ದರು: ಅವಳು, ತೀರಿಕೊಂಡ ಅತ್ತೆ ಜಯಗುನ್ ಬೀಬಿಯ ಮಗಳು ಹಸ್ನಾ, ಸತ್ತವರ ಮೈ ತೊಳೆಯುವುದರಲ್ಲಿ ಪಳಗಿದ ಮೊಯ್ನಾ ಚಾಚಿ.

"ಮೆಲ್ಲಗೆ ಸುರಿ," ಎಂದರು ಚಾಚಿ. "ಟ್ರಾಮ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಹೊಯ್ಯಬಾರದು."

"ಅವಸರ ಮಾಡ್ತಿಲ್ಲ, ಚಾಚಿ."

"ಇಲ್ಲ ಬಿಡು. ಬಾಗಿಲ ಹತ್ರ ನಿನ್ನ ಪಾಸ್‌ಪೋರ್ಟ್ ಚೀಲ ಹೊರಟು ಕೂತಿದೆ. ನಮ್ಮೂರಲ್ಲಿ ಸಾವಿನ ಮನೇಲಿ ಮೂರು ದಿನ ಒಲೆ ಹಚ್ಚಲ್ಲ. ಈ ಸೊಸೆ ಇಂಗ್ಲಿಷ್ ಪರೀಕ್ಷೆಗೆ ಹೊರಟಿದ್ದಾಳೆ."

"ನಿಮ್ಮನ್ನ ಇಂಗ್ಲಿಷ್ ಬರುತ್ತಾ ಅಂತ ಯಾರೂ ಕೇಳಲಿಲ್ಲ," ಎಂದಳು ಹಸ್ನಾ. "ಕೇಳಿದ್ದಿದ್ರೆ ನೀವೂ ಅಮ್ಮನೂ ಬಂದ ವಿಮಾನದಲ್ಲೇ ವಾಪಸ್ಸು."

ಚಾಚಿಯ ತುಟಿಯಂಚಿಗೆ ನಗು ಬಂದು ಹೋಯಿತು. "ಇವತ್ತು ಬಿಟ್ಟು ಇನ್ನೊಂದು ದಿನ ಹೋಗೋಕಾಗಲ್ವಾ?"

"ವೀಸಾ ಮುಂದಿನ ಶುಕ್ರವಾರ ಮುಗಿಯುತ್ತೆ," ಎಂದಳು ಹಸ್ನಾ. "ಬೇರೆ ದಿನ ಸಿಗಲಿಲ್ಲ. ಪಾಸಾದ ಕಾಗದ ಇಲ್ಲದಿದ್ರೆ ಲುತ್ಫಾ ಬಾಂಗ್ಲಾದ ಸಿಲ್ಹೆಟ್‌ನಲ್ಲಿ, ಅವಳ ಗಂಡ, ನನ್ನ ತಮ್ಮ, ಇಲ್ಲಿ."

ಚಾಚಿ ಕರ್ಪೂರ ಬೆರೆಸಿದ ನೀರಿನ ಬಕೆಟ್ಟನ್ನು ಲುತ್ಫಾಳ ಕಡೆಗೆ ಸರಿಸಿದರು.

"ಒಂದೂವರೆಗೆ ನಮಾಜು. ಮುಖ ನೋಡೋಕೆ ಅಷ್ಟರಲ್ಲಿ ವಾಪಸ್ಸು ಬರ್ತೀಯಾ?"

"ಇಲ್ಲ ಚಾಚಿ. ಹನ್ನೆರಡೂವರೆಗೆ ನನ್ನ ಸರದಿ."

"ಹಾಗಾದ್ರೆ ಈಗಲೇ ನೋಡ್ಕೊ."

*

ಜಯಗುನ್ ಬೀಬಿ ಮೂವತ್ತೆಂಟು ವರ್ಷ ಓಲ್ಡಮ್ಮಿನ ಒಂದೇ ಬೀದಿಯಲ್ಲಿ ಬಾಳಿದವರು. ಅದರಲ್ಲಿ ಇಪ್ಪತ್ತು ವರ್ಷ ಕಿಟಕಿಯ ಬಳಿ ಕೂತು ಕೋಟುಗಳಿಗೆ ಒಳಪದರ ಹೊಲಿಯುವುದರಲ್ಲಿ ಕಳೆದಿತ್ತು. ಗರ್ಭದಲ್ಲಿ ಗಡ್ಡೆ ಬೆಳೆದಾಗ ಡಾಕ್ಟರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದವಳು ಎಂಟು ವರ್ಷದ ಹಸ್ನಾ.

"ಆಡಬಾರದ ಮಾತನ್ನೆಲ್ಲ ಆ ಮಗೂ ಬಾಯಲ್ಲಿ ಆಡಿಸಿದೆ," ಎಂದು ಒಮ್ಮೆ ಲುತ್ಫಾಳಿಗೆ ಹೇಳಿದ್ದರು. "ಆಮೇಲೆ ಮೈಗೆ ಏನಾದ್ರೂ ಸುಮ್ಮನಿದ್ದುಬಿಡ್ತಿದ್ದೆ."

ಲುತ್ಫಾ ಮೊದಲ ಸಲ ಫೇಲಾಗಿ ಬಂದ ಮರುದಿನವೇ ಅತ್ತೆ ಅಡುಗೆಮನೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಮಧ್ಯಾಹ್ನ ಸೋಫಾದ ಮೇಲೆ ನೆಟ್ಟಗೆ ಕೂತು, ಅವಳ ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಿದ್ದರು. ಉತ್ತರ ಒಂದೂ ತಿಳಿಯುತ್ತಿರಲಿಲ್ಲ.

"ಸರಿ ಇತ್ತಾ ಅಮ್ಮಾ?"

"ಸರಿಯೋ ತಪ್ಪೋ ನನಗೇನು ಗೊತ್ತು? ಗಿಳಿ ಹಾಗೆ ಹೇಳಿದೆ, ಅಷ್ಟು ಗೊತ್ತಾಯ್ತು. ಇನ್ನೊಂದ್ಸಲ ಹೇಳು."

*

ಮ್ಯಾಂಚೆಸ್ಟರಿನ ಕೋಣೆಯಲ್ಲಿ ಪರೀಕ್ಷಕಿ ಧ್ವನಿಮುದ್ರಣದ ಯಂತ್ರದ ಗುಂಡಿ ಒತ್ತಿ ಮುಗುಳ್ನಕ್ಕಳು. ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದಳು.

ಗಂಡ, ಅತ್ತೆ, ನಾನು. ತಿಂಗಳುಗಟ್ಟಲೆ ಉರುಹೊಡೆದ ಉತ್ತರ ಇವತ್ತು ಸುಳ್ಳಾಗಿತ್ತು. ಲುತ್ಫಾ 'ಗಂಡ' ಎಂದು ಅಲ್ಲಿಗೇ ನಿಲ್ಲಿಸಿದಳು.

ಪರೀಕ್ಷಕಿ ಕಾದಳು. ಆಮೇಲೆ ಪ್ರಶ್ನೆ ಬದಲಿಸಿದಳು. ಇವತ್ತು ಬೆಳಿಗ್ಗೆ ಏನು ಮಾಡಿದಿರಿ?

"ಅತ್ತೆಗೆ ಸ್ನಾನ ಮಾಡಿಸಿದೆ," ಎಂದಳು ಲುತ್ಫಾ, ಒಂದೊಂದೇ ಇಂಗ್ಲಿಷ್ ಪದವನ್ನು ಜೋಡಿಸುತ್ತ. "ಮೊದಲು ಬಲಗಡೆ. ಆಮೇಲೆ ಎಡಗಡೆ. ನೀರು ಬೆಚ್ಚಗಿತ್ತು. ಕೂದಲನ್ನು ಮೂರು ಜಡೆ ಹಾಕಿದೆ."

"ಪುಣ್ಯವಂತೆ ನಿಮ್ಮತ್ತೆ. ಈಗ ಹೇಗಿದ್ದಾರೆ?"

"ಶುಚಿಯಾಗಿದ್ದಾರೆ. ಬಿಳಿ ಬಟ್ಟೆಯಲ್ಲಿದ್ದಾರೆ. ಒಂದೂವರೆ ಆದ ಮೇಲೆ ಗಂಡಸರು ಅವರನ್ನು ಮಣ್ಣಿಗೆ ಒಯ್ಯುತ್ತಾರೆ."

ಪರೀಕ್ಷಕಿಯ ಪೆನ್ನು ನಿಂತಿತು. ಮುಂದಿನ ಪ್ರಶ್ನೆ ಕಣ್ಣೆದುರಿನ ಹಾಳೆಯಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಬಾಯಿ ತೆರೆದಳು, ಓದಲಾಗಲಿಲ್ಲ.

"ಮುಂದಿನ ಪ್ರಶ್ನೆ ಕೇಳಿ," ಎಂದಳು ಲುತ್ಫಾ. "ಹತ್ತು ನಿಮಿಷ ಇನ್ನೂ ಆಗಿಲ್ಲ."

ಇಬ್ಬರ ನಡುವೆ, ಮೇಜಿನ ಮೇಲೆ, ಯಂತ್ರದ ಸಣ್ಣ ಕೆಂಪು ದೀಪ ಉರಿಯುತ್ತಲೇ ಇತ್ತು.